ಲಸಿಕೆಯ ಅಸಮಾನತೆ: ದೂರದ ಹಳ್ಳಿಯಲ್ಲಲ್ಲ, ನೆರೆಯಲ್ಲೇ

ಲಸಿಕೆ ತಲುಪದಿರುವುದು ಹಳ್ಳಿಗಾಡಿಗೆ, ನಗರವಾಸಿಗಳಿಗೆ ಆ ಚಿಂತೆಯಿಲ್ಲ ಎಂಬುದು ನಮ್ಮಲ್ಲಿ ಬಹುಮಂದಿಯ ನಂಬಿಕೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಎರಡನೆಯ ವರ್ಷದಲ್ಲಿದ್ದ ಮಕ್ಕಳ ಪೈಕಿ ಎಲ್ಲ ಮೂಲ ಲಸಿಕೆಗಳನ್ನು ಪಡೆದವರು ನಗರಗಳಲ್ಲಿ ಸುಮಾರು ಶೇ. 58, ಹಳ್ಳಿಗಳಲ್ಲಿ ಶೇ. 39. ಆದರೆ 2019-21ರ ಸಮೀಕ್ಷೆಯ ವೇಳೆಗೆ ಹಳ್ಳಿಗಳು ಶೇ. 76.8ಕ್ಕೆ ಏರಿದವು, ನಗರಗಳು ಶೇ. 75.5ರಲ್ಲಿ ನಿಂತವು. ಶ್ರೀಮಂತ ಮಹಾರಾಷ್ಟ್ರ ಶೇ. 74ರ ಆಸುಪಾಸಿನಲ್ಲಿದ್ದರೆ, ಕರ್ನಾಟಕ ಶೇ. 84ನ್ನು ಮುಟ್ಟಿತು. ಬಡರಾಜ್ಯವೆನಿಸಿದ ಒಡಿಶಾ ಶೇ. 90ನ್ನೂ ದಾಟಿತು.

ಈ ಬದಲಾವಣೆಗೆ ಕಾರಣಗಳಿವೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಗೆ ಯಾರ ಮನೆಯಲ್ಲಿ ಹೆರಿಗೆಯಾಗಿದೆ ಎಂಬುದು ಗೊತ್ತು. 2014ರ ಡಿಸೆಂಬರಿನಲ್ಲಿ ಆರಂಭವಾದ ಇಂದ್ರಧನುಷ್ ಅಭಿಯಾನವು ಹಿಂದುಳಿದ ಜಿಲ್ಲೆಗಳನ್ನು ಗುರುತಿಸಿ, ಬಿಟ್ಟುಹೋದ ಮಕ್ಕಳನ್ನು ಹುಡುಕಿಕೊಂಡು ಹೋಯಿತು. ಮಹಾನಗರದಲ್ಲಿಯಾದರೋ ಕಟ್ಟಡ ಮುಗಿದೊಡನೆ ಕೂಲಿಕಾರರ ಶೆಡ್ಡು ಎದ್ದುಹೋಗುತ್ತದೆ, ಮಗುವಿನ ವಿಳಾಸವೂ ಅಳಿಸಿಹೋಗುತ್ತದೆ. ಲಸಿಕೆ ಉಚಿತವಾದರೂ ಅದನ್ನು ಹಾಕಿಸಲು ತಾಯಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು.

ಇದರ ಪರಿಣಾಮವನ್ನು ಮುಂಬಯಿ 2022ರಲ್ಲಿ ಕಣ್ಣಾರೆ ಕಂಡಿತು. ಕೋವಿಡ್ ಕಾಲದಲ್ಲಿ ಲಸಿಕಾ ಕಾರ್ಯಕ್ರಮಕ್ಕೆ ಅಡಚಣೆಯಾಗಿತ್ತು. ಆ ವರ್ಷದ ಕೊನೆಯಲ್ಲಿ, ಚೆಂಬೂರಿಗೆ ತಾಗಿಕೊಂಡಿರುವ ಗೋವಂಡಿಯ ಕೊಳೆಗೇರಿಗಳಲ್ಲಿ ದಡಾರ ಹಬ್ಬಿ ಪುಟ್ಟ ಮಕ್ಕಳು ಪ್ರಾಣ ಕಳೆದುಕೊಂಡರು. ದಡಾರವನ್ನು ತಡೆಯಲು ನೂರರಲ್ಲಿ 95 ಮಕ್ಕಳಿಗಾದರೂ ಎರಡು ಸಲ ಲಸಿಕೆಯಾಗಬೇಕು. ಇಡೀ ನಗರದ ಸರಾಸರಿ ಎಷ್ಟೇ ಚೆನ್ನಾಗಿರಲಿ, ಒಂದು ಬಡಾವಣೆಯಲ್ಲಿ ಬಿರುಕಿದ್ದರೆ ರೋಗಕ್ಕೆ ಅಷ್ಟೇ ಸಾಕು.

ಹಣವಂತರಿಗೂ ಬಡವರಿಗೂ ಇರುವ ಅಂತರ ಕಾಲದ ಅಂತರವೂ ಹೌದು. ನ್ಯುಮೋನಿಯ ತಡೆಯುವ ನ್ಯುಮೊಕಾಕಲ್ ಲಸಿಕೆಯನ್ನು ನಮ್ಮಂಥವರ ಮನೆಯ ಮಕ್ಕಳು ಖಾಸಗಿ ವೈದ್ಯರಲ್ಲಿ ಸಾವಿರಾರು ರೂಪಾಯಿ ತೆತ್ತು ಮೊದಲೇ ಪಡೆದರು. ಸರಕಾರದ ಉಚಿತ ಕಾರ್ಯಕ್ರಮಕ್ಕೆ ಅದು ಸೇರತೊಡಗಿದ್ದು 2017ರಲ್ಲಿ, ದೇಶವ್ಯಾಪಿಯಾದದ್ದು 2021ರಲ್ಲಿ.

ಸರಕಾರ ಮಾಡಬೇಕಾದ್ದು ಸ್ಪಷ್ಟ: ಊರು ಬದಲಿಸಿದ ಮಗುವಿನ ದಾಖಲೆ ಮಗುವಿನೊಡನೆಯೇ ಸಾಗಬೇಕು, ಸಂಜೆ ಮತ್ತು ಭಾನುವಾರವೂ ಲಸಿಕೆ ದೊರೆಯಬೇಕು. ಆದರೆ ನಾವು ಮಾಡಬಹುದಾದ್ದೂ ಇದೆ. ನಮ್ಮ ಮನೆಗೆಲಸದಾಕೆ, ಕಟ್ಟಡದ ಕಾವಲುಗಾರ, ಎದುರಿನ ಕಾಮಗಾರಿಗೆ ಕಲಬುರಗಿ, ಯಾದಗಿರಿಗಳಿಂದ ಬಂದ ನಮ್ಮವರೇ ಆದ ಕೂಲಿಕಾರರು - ಇವರ ಮಕ್ಕಳ ಲಸಿಕೆಯ ಕಾರ್ಡು ಎಲ್ಲಿಗೆ ನಿಂತಿದೆ ಎಂದು ಕೇಳಬಹುದು. ಲಸಿಕೆಯ ದಿನ ಸಂಬಳ ಕಡಿಯದೆ ರಜೆ ಕೊಡಬಹುದು. ಭಾಷೆ ತಿಳಿಯದ ತಾಯಿಯೊಡನೆ ಪಾಲಿಕೆಯ ಆರೋಗ್ಯ ಕೇಂದ್ರದವರೆಗೆ ಹೋಗಿ ಬರಬಹುದು. ನಾಡಹಬ್ಬವನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುವ ನಮ್ಮ ಸಂಘಗಳಿಗೆ ಇದು ಅಸಾಧ್ಯದ ಕೆಲಸವೇನಲ್ಲ.