ಕಲ್ಲಿಗಿಂತ ಮೊದಲು ಮನೆ

ಸತ್ತ ಸೈನಿಕನ ಮನೆಯವರನ್ನು ಹುಡುಕದೆ ಕಟ್ಟಿದ ಯುದ್ಧಸ್ಮಾರಕ ವರ್ಷಕ್ಕೊಮ್ಮೆ ಹೂವಿಡುವ ಕಟ್ಟೆಯಷ್ಟೇ ಎಂಬುದು ನನ್ನ ತಕರಾರು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ವೀರಗಲ್ಲಿನ ಶಾಸನಗಳು ಸತ್ತವನ ಹೆಸರನ್ನೂ ಕಾದಾಟದ ಕಾರಣವನ್ನೂ ಹೇಳುತ್ತವೆ. ಅವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಕಲ್ಲು ಸತ್ತವನಿಗೆ, ಹೊಲ ಉಳಿದವರಿಗೆ.

ಮೊದಲ ಮಹಾಯುದ್ಧದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳು ಬರೀ ಸಂಖ್ಯೆಯಾದರು. ಭಾರತ, ಆಫ್ರಿಕಾ ಮುಂತಾದೆಡೆಯ 45,000ದಿಂದ 54,000 ಮಂದಿಯ ಸ್ಮರಣೆಯಲ್ಲಿ ಅಸಮಾನತೆ ನಡೆದಿದೆ ಎಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವರದಿಯೇ 2021ರಲ್ಲಿ ಒಪ್ಪಿಕೊಂಡಿತು.

ದಾಖಲೆಯಿಲ್ಲ ಎಂಬ ನೆಪ ಬೇಡ. ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ, ಪಂಜಾಬಿನ ಸುಮಾರು 3,20,000 ಸೈನಿಕರ ಹಳ್ಳಿವಾರು ಪಟ್ಟಿ 2021ರಿಂದ ಅಂತರ್ಜಾಲಕ್ಕೆ ಬರತೊಡಗಿದೆ. ಅಲ್ಲಿನ ಮರಿಮಕ್ಕಳು ತಮ್ಮೂರ ಹೆಸರು ಒತ್ತಿ ಮುತ್ತಜ್ಜನನ್ನು ಹುಡುಕಬಹುದು.

ನಾವು? 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಪಡೆಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ಅದನ್ನೇ ಇಡೀ ಕರ್ನಾಟಕದ ನೆನಪೆಂದು ಭಾಷಣ ಮಾಡುತ್ತೇವೆ. ಆದರೆ ಹಂಪಿ ಮಗ್ಗುಲಿನ ಕಡ್ಡಿರಾಂಪುರ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಲ್ಲಿಂದ ಹೊರಟ ಸಿಪಾಯಿಯನ್ನು ಮೈಸೂರಿನ ಕಲ್ಲಿನಲ್ಲಲ್ಲ, ಮದ್ರಾಸಿನ ಪಡೆಗಳ ಕಡತಗಳಲ್ಲಿ ಹುಡುಕಬೇಕು.

ಸಾವಿರ ವರ್ಷದ ಹಿಂದಿನ ವೀರಗಲ್ಲಿನ ಅಕ್ಷರ ಬಿಡಿಸುವುದು ನಮಗೆ ಸಂಶೋಧನೆ. ಹೊಸಪೇಟೆ, ಕಂಪ್ಲಿ, ಸಂಡೂರಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹಳೆಯ ಪದಕ, ಪಿಂಚಣಿ ಕಾಗದ, ಅಜ್ಜಿಯ ಮಾತು ಕೇಳಿ ಬರೆದುಕೊಳ್ಳುವುದು ಯಾಕಲ್ಲ? ಸ್ಮಾರಕದ ಗುದ್ದಲಿ ಪೂಜೆ ಆಮೇಲೆ ಆಗಲಿ. ಹೆಸರು, ಊರು, ಮನೆ ಮೊದಲು ಸಿಗಲಿ.