ಮೊದಲು ಗುಂಪು, ಆಮೇಲೆ ಗುರಿ

ವಿಟ್‌ವರ್ತ್ ಅಂದ್ರೆ ನಮಗೆ ಕ್ವಿಕ್ ರಿಟರ್ನ್ ಮೆಕ್ಯಾನಿಸಂ, ಅಷ್ಟೇ. ಅದೇ ಜೋಸೆಫ್ ವಿಟ್‌ವರ್ತ್ ಒಂದು ರೈಫಲ್ಲನ್ನೂ ಮಾಡಿದ್ದ. ಆರು ಮೂಲೆಯ ನಳಿಗೆ. ಮಲೆನಾಡಿನ ಕೇಪಿನ ಕೋವಿಯ ಥರ ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಬೇಕು. 1860ರಲ್ಲಿ ವಿಂಬಲ್ಡನ್‌ನಲ್ಲಿ ಅದನ್ನು ಸ್ಟ್ಯಾಂಡಿಗೆ ಬಿಗಿದಿಟ್ಟಿದ್ದರು. ರಾಣಿ ವಿಕ್ಟೋರಿಯಾ ದಾರ ಎಳೆದಳು. 400 ಗಜ ದೂರದ ಗುರಿಯಲ್ಲಿ ಗುಂಡು ನಡುಬಿಂದುವಿನಿಂದ ಸುಮಾರು ಒಂದೂಕಾಲು ಇಂಚು ಆಚೆ ಬಿತ್ತು.

ಎಲ್ಲರೂ ರೈಫಲ್ಲನ್ನು ಹೊಗಳ್ತಾರೆ. ನಾನು ಹೊಗಳೋದು ಅದನ್ನು ತುಂಬಿದವನನ್ನು.

ಇಂಥ ಕೋವಿಯಲ್ಲಿ ಪ್ರತಿ ಸಲವೂ ಹೊಸ ಪ್ರಯೋಗವೇ. ಮದ್ದಿನ ಅಳತೆ ಒಂದೇ ಇರಬೇಕು. ಗುಂಡು ಮದ್ದಿಗೆ ತಾಗುವವರೆಗೆ ಸಲಾಕೆಯಿಂದ ಪ್ರತಿ ಸಲ ಅಷ್ಟೇ ಒತ್ತಬೇಕು. ನಡುವೆ ಜಾಗ ಉಳಿದರೆ ನಳಿಗೆಯೇ ಸಿಡಿಯಬಹುದು. ಸುಟ್ಟ ಮದ್ದಿನ ಮಸಿ ಒಳಗೆ ಕಟ್ಟಿಕೊಂಡರೆ ಮುಂದಿನ ಗುಂಡು ಕೂರೋದೇ ಬೇರೆ ಥರ. ಹಾಗಾಗಿ ಒರೆಸೋದಾದ್ರೆ ಪ್ರತಿ ಸಲ ಒರೆಸಬೇಕು. ಒಂದು ಗುಂಡು ಎಡಕ್ಕೆ ಹೋಯ್ತು ಅಂತ ಪಳಗಿದವರು ಸೈಟ್ ತಿರುಗಿಸಲ್ಲ. ಒಂದೇ ರೀತಿ ತುಂಬಿ ಐದು ಹೊಡೆದು, ಅವು ಒಂದೆಡೆ ಗುಂಪಾದ ಮೇಲೆ ಸೈಟಿಗೆ ಕೈ ಹಾಕ್ತಾರೆ.

ನಾವು ಮಾಡಿದ್ದು ಉಲ್ಟಾ. ಲೈನ್ ಫಾಲೋವರ್ ಒಮ್ಮೆ ದಾರಿ ತಪ್ಪಿದ್ರೆ ಸಾಕು, ಪಿಐಡಿ ನಂಬರ್ ಬದಲಿಸ್ತಿದ್ವಿ, ಇಡೀ ರಾತ್ರಿ. ಬ್ಯಾಟರಿ ಇಳೀತಿತ್ತು, ಚಕ್ರಕ್ಕೆ ಧೂಳು ಹಿಡಿದಿತ್ತು. ಡೆಮೊ ದಿನ ಹೊಸ ಬ್ಯಾಟರಿ ಹಾಕಿದ್ವಿ, ಮೊದಲ ತಿರುವಲ್ಲೇ ಗಾಡಿ ಹೊರಗೆ!

ರಿವ್ಯೂನಲ್ಲಿ ಗೈಡ್‌ಗಳು ಮೊದಲು ಕೇಳಬೇಕಾದ್ದು, ಏನೂ ಬದಲಿಸದೆ ಎಷ್ಟು ಸಲ ಓಡಿಸಿದಿರಿ ಅಂತ. ನಮ್ಮನ್ನು ಯಾರೂ ಕೇಳಲಿಲ್ಲ. ರಿಪೋರ್ಟಲ್ಲಿ ಐದು ಟ್ರಯಲ್‌ಗಳ ಟೇಬಲ್ ಇದೆ. ಓಡಿಸಿದ್ದು ಒಂದೇ.