ಪಕ್ಕದ ಶಾಲೆಯ ಪಾಡೇನು?

ಹೊಸ ಪ್ರೌಢಶಾಲೆಗೆ ಅನುಮತಿ ಕೇಳಿ ಹಾಕುವ ಅರ್ಜಿಯ ಹಿಂದೆ ಹತ್ತಾರು ಕಾಗದ ಹೋಗುತ್ತವೆ. ಜಮೀನಿನ ಪತ್ರ, ಕಟ್ಟಡದ ನಕ್ಷೆ, ಟ್ರಸ್ಟಿನ ನೋಂದಣಿ, ಠೇವಣಿಯ ರಸೀದಿ. ಇವುಗಳ ನಡುವೆ ಸುತ್ತಮುತ್ತ ಯಾವ ಪ್ರೌಢಶಾಲೆಗಳಿವೆ, ಎಷ್ಟು ದೂರದಲ್ಲಿವೆ, ಹೊಸದು ಬಂದರೆ ಅವುಗಳ ಮೇಲೆ ಏನು ಪರಿಣಾಮ ಆಗುತ್ತದೆ ಎಂದು ವಿಚಾರಿಸುವ ಕಾಲಂ ಕೂಡ ಇರುತ್ತದೆ. ಅದನ್ನು ತುಂಬುವವರು ಹೊಸ ಶಾಲೆ ತೆರೆಯಲು ಹೊರಟವರೇ. ‘ಪಕ್ಕದ ಶಾಲೆ ಸೊರಗುತ್ತದೆ’ ಎಂದು ಅವರು ತಮ್ಮ ಕೈಯಾರೆ ಬರೆದುಕೊಡಲಿ ಎಂದು ಕಾಯುವುದು ನ್ಯಾಯವಲ್ಲ. ಪ್ರಶ್ನೆ ಸರಿಯಾಗಿದೆ, ಕೇಳುತ್ತಿರುವುದು ಮಾತ್ರ ಯಾರನ್ನು ಕೇಳಬಾರದೋ ಅವರನ್ನು.

ನಮ್ಮ ಸೀಮೆಯನ್ನೇ ನೋಡಿ. ತುಮಕೂರು ಕಂದಾಯ ಇಲಾಖೆಗೆ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕೈಕೊಟ್ಟರೆ ಕಡ್ಲೆಕಾಯಿ ಬಳ್ಳಿ ಹೊಲದಲ್ಲೇ ಒಣಗುವ, ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರೆ ಮಕ್ಕಳು ಅಜ್ಜಿಯ ಜೊತೆ ಉಳಿಯುವ ಸೀಮೆ ಇದು. ಅಂಥ ಸೀಮೆ 2020ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬೆನ್ನಿಗೇ ರಾಜ್ಯಕ್ಕೆ ಮೂರನೆಯದಾಗಿ ನಿಂತಿತ್ತು. ಕೋಟೆ ಊರು ಮಧುಗಿರಿಯ ಕಾನ್ವೆಂಟುಗಳಷ್ಟೇ ಸೇರಿ ತಂದ ಸ್ಥಾನ ಅದಲ್ಲ. ಮಿಡಿಗೇಶಿ, ಪುರವರ, ಹೊಳವನಹಳ್ಳಿ, ಕೋಳಾಲ, ಕಳ್ಳಂಬೆಳ್ಳ, ಬುಕ್ಕಾಪಟ್ಟಣ, ನಾಗಲಮಡಿಕೆ, ವೈ.ಎನ್. ಹೊಸಕೋಟೆ ಕಡೆಯ ಹಳ್ಳಿಗಾಡಿನ ಮಕ್ಕಳೂ ಸೇರಿ ತಂದದ್ದು.

ಈ ಹೋಬಳಿಗಳಿಗೆ ಪ್ರೌಢಶಾಲೆ ಬಂದ ಕಾಲವನ್ನು ಹಿರಿಯರು ಇನ್ನೂ ನೆನೆಸಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ಏಳನೇ ಕ್ಲಾಸು ಮುಗಿದರೆ ಗಂಡುಹುಡುಗ ತಾಲ್ಲೂಕು ಕೇಂದ್ರದ ಹಾಸ್ಟೆಲ್ಲಿಗೋ ಸಿದ್ಧಗಂಗೆಗೋ ಸೇರಬೇಕು, ಇಲ್ಲ ದನ ಮೇಯಿಸಬೇಕು. ಹೆಣ್ಣುಹುಡುಗಿಯ ಓದು ಅಲ್ಲಿಗೇ ಮುಗಿಯಿತು. ಮಠಗಳು, ಊರಿನ ಮುಖಂಡರು, ಸರ್ಕಾರ ಸೇರಿ ಊರೂರಿಗೆ ಹೈಸ್ಕೂಲು ತಂದಾಗ ಹಿಂದೆಂದೂ ಎಂಟನೇ ಕ್ಲಾಸಿನ ಬಾಗಿಲು ಕಾಣದ ಮನೆಗಳಿಂದ ಮಕ್ಕಳು ಬಂದರು. ಪಕ್ಕದ ಶಾಲೆಗೆ ನಷ್ಟವಾಗಲಿಲ್ಲ. ಬರದೇ ಉಳಿದಿದ್ದ ಮಕ್ಕಳು ಅಷ್ಟು ಮಂದಿ ಇದ್ದರು. ಆ ಕಾಲದ ಪ್ರತಿಯೊಂದು ಹೊಸ ಶಾಲೆಗೂ ನಾನು ಕೈಮುಗಿಯುತ್ತೇನೆ.

ಇವತ್ತಿನ ಲೆಕ್ಕ ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಕರ್ನಾಟಕದ ಒಬ್ಬ ಹೆಣ್ಣುಮಗಳಿಗೆ ಸರಾಸರಿ 2.85 ಮಕ್ಕಳು, 2019-21ರ ಹೊತ್ತಿಗೆ 1.7. ಏಳನೇ ಕ್ಲಾಸು ಮುಗಿಸಿದ ಮಗು ಎಂಟಕ್ಕೆ ಹೋಗುವುದು ಈಗ ವಾಡಿಕೆಯೇ ಆಗಿದೆ. ಹೊಸದಾಗಿ ಕರೆತರಲು ಮಕ್ಕಳೇ ಉಳಿದಿಲ್ಲದ ಕಡೆ ಇನ್ನೊಂದು ಶಾಲೆ ತೆರೆದರೆ ಅದರ ಬೆಂಚು ತುಂಬಬೇಕಾದದ್ದು ಪಕ್ಕದ ಶಾಲೆಯ ಬೆಂಚಿನಿಂದಲೇ.

ಕಳೆದ ಜೂನಿನಲ್ಲಿ ಈ ಸೀಮೆಯ ಒಂದು ಅನುದಾನಿತ ಪ್ರೌಢಶಾಲೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಕಲ್ಲಿನ ಕಟ್ಟಡ, ಮುಂದೆ ಹೊಂಗೆ ಮರ, ಗಂಟೆಗೆ ನೇತುಹಾಕಿದ ರೈಲು ಕಂಬಿಯ ತುಂಡು. ಒಂದು ಬಾಗಿಲ ಮೇಲೆ ‘8ನೇ ತರಗತಿ ಎ’ ಅಂತಲೂ ಪಕ್ಕದ ಬಾಗಿಲ ಮೇಲೆ ‘8ನೇ ತರಗತಿ ಬಿ’ ಅಂತಲೂ ಹಳೇ ಪೇಂಟಿನಲ್ಲಿ ಬರೆದಿತ್ತು. ‘ಬಿ’ ಕೋಣೆಯೊಳಗೆ ಬಿಸಿಯೂಟದ ಅಕ್ಕಿ ಮೂಟೆ ಪೇರಿಸಿಟ್ಟಿದ್ದರು. ಹೆಡ್‌ಮಾಸ್ಟರ ಕೋಣೆಯ ಗೋಡೆಯಲ್ಲಿ ಗಂಡು, ಹೆಣ್ಣು, ಒಟ್ಟು ಎಂದು ಗೆರೆ ಹೊಡೆದ ಕಪ್ಪು ಹಲಗೆ. ಮೂರು ತರಗತಿಯಲ್ಲೂ ಹೆಣ್ಣುಮಕ್ಕಳದ್ದೇ ಹೆಚ್ಚು. ನಾನು ಅದನ್ನೇ ನೋಡುತ್ತಿದ್ದುದು ಕಂಡು ಅವರು, ‘ಗಂಡು ಹುಡುಗರನ್ನ ಕಾನ್ವೆಂಟ್ ವ್ಯಾನಿಗೆ ಹತ್ತಿಸ್ತಾರೆ ಸಾರ್, ಹೆಣ್ಮಕ್ಕಳು ನಮ್ಗೆ’ ಅಂದರು. ಆಮೇಲೆ ದಾಖಲಾತಿ ರಿಜಿಸ್ಟರು ಮುಚ್ಚಿಡುತ್ತಾ ಅವರು ಹೇಳಿದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ: ‘ಸಂಖ್ಯೆ ಕಮ್ಮಿ ಆಯ್ತು ಅಂತ ಬೇಜಾರಿಲ್ಲ. ಪ್ರಶ್ನೆ ಕೇಳಿದ್ರೆ ಕೈ ಎತ್ತೋ ಮಕ್ಕಳು ಇದ್ವಲ್ಲ, ಅವು ಹೋದ್ವು. ಅವು ಇದ್ರೆ ಉಳಿದೋವೂ ಕಲೀತಿದ್ವು.’

ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟರ ಮಾತು ಅದು. ಹೊಸ ಶಾಲೆ ಹಳೆಯ ಶಾಲೆಯ ಮಕ್ಕಳನ್ನು ರಾಶಿಯಿಂದ ಹಿಡಿ ತೆಗೆದ ಹಾಗೆ ತೆಗೆದುಕೊಳ್ಳುವುದಿಲ್ಲ, ಜರಡಿ ಹಿಡಿಯುತ್ತದೆ. ಫೀಸು ಕಟ್ಟಬಲ್ಲವರು, ವ್ಯಾನು ಬರುವ ರಸ್ತೆಯಲ್ಲಿ ಮನೆ ಇರುವವರು, ಮನೆಯಲ್ಲಿ ಹೋಂವರ್ಕ್ ನೋಡಲು ಯಾರಾದರೂ ಇರುವವರು ಮೊದಲು ಹೋಗುತ್ತಾರೆ. ಒಳದಾರಿಯ ಹಟ್ಟಿಯ ಮಗು, ಅಜ್ಜಿಯ ಆಶ್ರಯದ ಮಗು, ವರ್ಷದ ನಡುವೆ ಕೂಲಿಗೆ ಹೋಗುವ ಮನೆಯ ಮಗು ಉಳಿದುಕೊಳ್ಳುತ್ತದೆ. ಹೆಚ್ಚು ಆಸರೆ ಬೇಕಾದ ಮಕ್ಕಳೇ ಒಂದು ಕಡೆ ಸೇರುತ್ತಾರೆ. ಆ ಶಾಲೆಯ ಕೈಯಲ್ಲಿ ಉಳಿಯುವ ಬಲ ಮಾತ್ರ ಕಮ್ಮಿಯಾಗುತ್ತದೆ.

ಬಲ ಕಮ್ಮಿಯಾಗುವ ಬಗೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಪ್ರಾಥಮಿಕ ಶಾಲೆಗೂ ಪ್ರೌಢಶಾಲೆಗೂ ಇಲ್ಲಿ ವ್ಯತ್ಯಾಸವಿದೆ. ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ‘ನಲಿ-ಕಲಿ’ಯ ಮೂರು ತರಗತಿಯನ್ನು ಒಟ್ಟಿಗೆ ಕೂರಿಸಿ ಕಲಿಸಬಹುದು. ಪ್ರೌಢಶಾಲೆಯಲ್ಲಿ ತರಗತಿಗೆ ಅರವತ್ತು ಮಕ್ಕಳಿರಲಿ ಇಪ್ಪತ್ತಿರಲಿ, ಕನ್ನಡಕ್ಕೊಬ್ಬರು, ಇಂಗ್ಲಿಷಿಗೊಬ್ಬರು, ಹಿಂದಿಗೊಬ್ಬರು, ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು, ಸಮಾಜಕ್ಕೊಬ್ಬರು ಬೇಕೇ ಬೇಕು. ಇಲಾಖೆ ಹುದ್ದೆ ಲೆಕ್ಕ ಹಾಕುವುದು ಮಕ್ಕಳ ಸಂಖ್ಯೆಯ ಮೇಲೆ. ಸಂಖ್ಯೆ ಇಳಿದರೆ ಒಬ್ಬರು ‘ಹೆಚ್ಚುವರಿ’ ಪಟ್ಟಿಗೆ ಬೀಳುತ್ತಾರೆ, ಕೌನ್ಸೆಲಿಂಗಿನಲ್ಲಿ ಬೇರೆ ಕಡೆ ಹೋಗುತ್ತಾರೆ. ಅನುದಾನಿತ ಶಾಲೆಯಲ್ಲಾದರೆ ನಿವೃತ್ತರಾದವರ ಜಾಗ ವರ್ಷಗಟ್ಟಲೆ ಖಾಲಿ ಬೀಳುತ್ತದೆ, ಮಕ್ಕಳು ಕಮ್ಮಿ ಎಂಬುದು ಅನುದಾನಕ್ಕೇ ಕುತ್ತು ತರುತ್ತದೆ. ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕರು ಬರುತ್ತಾರೆ, ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಊರಿನಲ್ಲಿ ‘ಅಲ್ಲಿ ಲೆಕ್ಕದ ಮೇಷ್ಟ್ರೇ ಇಲ್ವಂತೆ’ ಎಂಬ ಮಾತು ಹಬ್ಬುತ್ತದೆ. ಮುಂದಿನ ಜೂನಿನಲ್ಲಿ ಇನ್ನಷ್ಟು ಟಿ.ಸಿ. ಹೋಗುತ್ತವೆ. ಎರಡು ಮೂರು ವರ್ಷ ಹೀಗೆ ಕಳೆದರೆ ಆ ಶಾಲೆಯನ್ನು ಮುಚ್ಚಲು ಯಾರ ಆದೇಶವೂ ಬೇಕಾಗುವುದಿಲ್ಲ.

ತಂದೆತಾಯಿಯರನ್ನು ನಾನು ದೂರಲಾರೆ. ತಮ್ಮ ಮಗನಿಗೆ ಇಂಗ್ಲಿಷ್ ಬರಲಿ ಎಂದು ಕಡ್ಲೆಕಾಯಿ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟುವ ರೈತನ ಆಸೆಯಲ್ಲಿ ತಪ್ಪೇನೂ ಇಲ್ಲ. ಪಾವಗಡದ ಕಡೆ ಇದು ಇನ್ನೂ ಸಿಕ್ಕಲು. ಮೂರು ದಿಕ್ಕಿಗೂ ಆಂಧ್ರ, ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಹಳದಿ ವ್ಯಾನಿನ ಮೇಲೆ ಇಂಗ್ಲಿಷ್. ಮನೆಯಲ್ಲಿ ತೆಲುಗು ಆಡುವ ಮಗುವಿಗೆ ಕನ್ನಡವನ್ನು ಅಕ್ಕರೆಯಿಂದ ಕಲಿಸಿ, ಅದರಲ್ಲೇ ಪರೀಕ್ಷೆ ಬರೆಸಿ ದಡ ಮುಟ್ಟಿಸುತ್ತ ಬಂದವು ಅಲ್ಲಿನ ಹಳ್ಳಿಯ ಪ್ರೌಢಶಾಲೆಗಳು. ಗಡಿಯಲ್ಲಿ ಅಂಥ ಒಂದು ಶಾಲೆ ಕರಗಿದರೆ ಕನ್ನಡ ಕಲಿಯುವ ಒಂದು ಬಾಗಿಲು ಮುಚ್ಚಿದಂತೆ.

ಖಾಸಗಿಯವರ ಮೇಲೆ ಮಾತ್ರ ಬೆರಳು ತೋರಿಸಿದರೆ ಅರ್ಧ ಸತ್ಯವಾಗುತ್ತದೆ. ಹೊಸ ಶಾಲೆ ತೆರೆಯುವುದರಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಪ್ರವೇಶ ಪರೀಕ್ಷೆ ಇಟ್ಟು ಆರನೇ ತರಗತಿಗೇ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಶೈಕ್ಷಣಿಕವಾಗಿ ಹಿಂದುಳಿದ 74 ತಾಲ್ಲೂಕುಗಳಿಗೆಂದು ಬಂದ ಆದರ್ಶ ವಿದ್ಯಾಲಯಗಳದ್ದೂ ಅದೇ ಕ್ರಮ. ಬಡ ಮನೆಯ ಜಾಣ ಮಗುವಿಗೆ ಅವು ವರವಾಗಿವೆ, ನಿಜ. ಆದರೆ ಆ ಮಗು ಹೋದ ಮೇಲೆ ಊರಿನ ಶಾಲೆಯಲ್ಲಿ ಉಳಿದವರಿಗೆ ಬದಲಿಗೆ ಏನು ಕೊಟ್ಟೆವು?

2018-19ರಲ್ಲಿ 176 ಕರ್ನಾಟಕ ಪಬ್ಲಿಕ್ ಶಾಲೆಗಳು ಶುರುವಾದವು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಇಂಗ್ಲಿಷ್ ವಿಭಾಗವೂ ಉಂಟು. ತಂದೆತಾಯಿಯರು ಮುಗಿಬಿದ್ದರು, ಅದರಲ್ಲಿ ಆಶ್ಚರ್ಯವಿಲ್ಲ. 2025-26ರ ಬಜೆಟ್ಟಿನಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನೊಂದಿಗೆ ಇನ್ನೂ 500 ತೆರೆಯುವ ಘೋಷಣೆ ಬಂತು. ಸುತ್ತಲಿನ ಕಡಿಮೆ ಮಕ್ಕಳ ಶಾಲೆಗಳನ್ನು ಇವುಗಳಿಗೆ ಸೇರಿಸುತ್ತಾರೆ ಎಂಬ ವಿಷಯ ಹೊರಬಿದ್ದಾಗ ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳಿದೆ. ಆ ಮಾತನ್ನು ನಂಬೋಣ. ಆದರೂ ಒಂದು ಸರಳ ಸಂಗತಿ ಉಳಿಯುತ್ತದೆ. ಎಲ್‌ಕೆಜಿಗೇ ಹೋಬಳಿಯ ಪಬ್ಲಿಕ್ ಶಾಲೆ ಸೇರಿದ ಮಗು ಎಂಟನೇ ಕ್ಲಾಸಿಗೆ ಪಕ್ಕದ ಊರಿನ ಹೈಸ್ಕೂಲಿಗೆ ಬರುವುದಿಲ್ಲ. ಆ ಹೈಸ್ಕೂಲಿಗೆ ಮಕ್ಕಳನ್ನು ಕಳಿಸುತ್ತಿದ್ದ ನಾಲ್ಕಾರು ಪ್ರಾಥಮಿಕ ಶಾಲೆಗಳ ಒರತೆಯೇ ಬತ್ತುತ್ತದೆ. ಇದರ ಫಲ ಕಾಣಲು ಎಂಟು ಹತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಇದನ್ನು ತೀರ್ಮಾನಿಸಿದ ಯಾರೂ ಆ ಕುರ್ಚಿಯಲ್ಲಿ ಇರುವುದಿಲ್ಲ.

ದೂರದ ಪ್ರಶ್ನೆಯೂ ಇದೆ. 2009ರಲ್ಲಿ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಐದು ಕಿಲೋಮೀಟರಿಗೊಂದು ಪ್ರೌಢಶಾಲೆ ಇರಬೇಕು ಎಂದಿತ್ತು. ನಮ್ಮಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. ಮೂರ್ನಾಲ್ಕು ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಹುಣಸೆ ಸಾಲಿನ ರಸ್ತೆಯಲ್ಲಿ ಶಾಲೆಗೆ ಬರುವ ನೋಟ ಈ ಸೀಮೆಯಲ್ಲಿ ಸಾಮಾನ್ಯವಾಗಿತ್ತು. ಕೊರೊನಾ ವರ್ಷದಿಂದ ಆ ಸೈಕಲ್ ನಿಂತಿತು. ಈಗ ಹತ್ತಿರದ ಶಾಲೆಯೂ ಕರಗಿದರೆ ಆ ಹುಡುಗಿ ಏನು ಮಾಡಬೇಕು? ಗಂಡುಹುಡುಗನಿಗೆ ವ್ಯಾನಿನ ದುಡ್ಡು ಕೊಡುವ ಮನೆ ಅವಳಿಗೂ ಕೊಡುತ್ತದೆ ಎಂದು ಎದೆ ಮುಟ್ಟಿಕೊಂಡು ಹೇಳುವವರು ಎಷ್ಟು ಜನ?

ಹೊಸ ಶಾಲೆಯಿಂದ ಹಳೆಯದಕ್ಕೆ ಪೆಟ್ಟು ಬೀಳುವುದು ನಮ್ಮೂರಿನದಷ್ಟೇ ಕಥೆಯಲ್ಲ. ಇಂಗ್ಲೆಂಡಿನಲ್ಲಿ 2010ರ ನಂತರ ‘ಫ್ರೀ ಸ್ಕೂಲ್’ ಎಂಬ ಹೆಸರಿನಲ್ಲಿ ಸರ್ಕಾರದ ದುಡ್ಡಿನಿಂದಲೇ ಹೊಸ ಶಾಲೆಗಳನ್ನು ತೆರೆಯತೊಡಗಿದರು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಲೆಕ್ಕ ತೆಗೆದಾಗ, 2015ರಿಂದ 2021ರೊಳಗೆ ಇಂಥ ಶಾಲೆಗಳಲ್ಲಿ ಬರಲಿದ್ದ ಸುಮಾರು 1,13,500 ಸೀಟುಗಳಲ್ಲಿ 57,500ರಷ್ಟು ಆಯಾ ಊರಿಗೆ ಬೇಕಾದದ್ದಕ್ಕಿಂತ ಹೆಚ್ಚಿನವು ಎಂದು ಕಂಡಿತು.

ಪರಿಹಾರಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಅನ್ವಯಿಸುವ 1959ರ ಕೇರಳ ಶಿಕ್ಷಣ ನಿಯಮಗಳ ಐದನೇ ಅಧ್ಯಾಯದಲ್ಲಿ ಒಂದು ಒಳ್ಳೆಯ ಕ್ರಮವಿದೆ. ಎಲ್ಲೆಲ್ಲಿ ಹೊಸ ಶಾಲೆ ಬೇಕು ಎಂಬ ಪಟ್ಟಿಯನ್ನು ಇಲಾಖೆಯೇ ಮೊದಲು ತಯಾರಿಸಿ ಪ್ರಕಟಿಸಬೇಕು. ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಅಧಿಕಾರಿ ತಕರಾರು ಇದ್ದವರನ್ನು ಕರೆದು ವಿಚಾರಿಸಬೇಕು. ಆಮೇಲೆ ಅಂತಿಮ ಪಟ್ಟಿ, ಅದಾದ ಮೇಲೆ ಅರ್ಜಿ. ನಮ್ಮಲ್ಲಿ ಅರ್ಜಿ ಮುಂದೆ ಬರುತ್ತದೆ, ಅಗತ್ಯ ಅದರ ಹಿಂದೆ ನಡೆದು ಬರುತ್ತದೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆ ಇದನ್ನು ಮಾಡಿ ತೋರಿಸಬಹುದು. ನಾಲ್ಕೇ ತಾಲ್ಲೂಕು, ನಾಲ್ವರು ಬಿಇಒ. ಯಾವ ಹಳ್ಳಿಯಲ್ಲಿ ಐದು ಆರು ಏಳನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದು ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಈಗಾಗಲೇ ಇದೆ. ಮುಂದಿನ ಮೂರು ವರ್ಷ ಎಂಟನೇ ಕ್ಲಾಸಿಗೆ ಬರುವವರು ಎಷ್ಟು, ಇರುವ ಶಾಲೆಗಳಲ್ಲಿ ಜಾಗ ಎಷ್ಟು ಎಂದು ಎದುರುಬದುರು ಬರೆದರೆ ಸಾಕು. ಹೊಸ ಅರ್ಜಿ ಬಂದಾಗ ಅದರ ಪ್ರತಿಯನ್ನು ಐದು ಕಿಲೋಮೀಟರಿನೊಳಗಿನ ಪ್ರತಿ ಪ್ರೌಢಶಾಲೆಗೂ ಗ್ರಾಮ ಪಂಚಾಯಿತಿಗೂ ಕಳಿಸಿ, ಪರಿಣಾಮದ ಕಾಲಮ್ಮನ್ನು ಆ ಶಾಲೆಯ ಮುಖ್ಯ ಶಿಕ್ಷಕರಿಂದ, ಎಸ್‌ಡಿಎಂಸಿಯಿಂದ ತುಂಬಿಸಬೇಕು. ಜಾಗ ನಿಜವಾಗಿಯೂ ಸಾಲದಿದ್ದರೆ ಹೊಸ ಶಾಲೆ ಬರಲಿ, ನಾನೇ ಮೊದಲು ಸ್ವಾಗತಿಸುತ್ತೇನೆ. ಇರುವ ಶಾಲೆ ಕಲಿಸುತ್ತಿಲ್ಲ ಎಂಬುದೇ ಜನರ ದೂರಾದರೆ ಮೊದಲು ಅಲ್ಲಿಗೆ ಗಣಿತದ ಮೇಷ್ಟರನ್ನು, ವಿಜ್ಞಾನದ ಮೇಷ್ಟರನ್ನು, ಬೇಕಾದರೆ ಇಂಗ್ಲಿಷ್ ವಿಭಾಗವನ್ನು ಕೊಟ್ಟು ನೋಡಲಿ. ಮಕ್ಕಳು ಇಳಿದ ಶಾಲೆಯಿಂದ ಕನಿಷ್ಠ ಮೂರು ವರ್ಷ ವಿಷಯ ಶಿಕ್ಷಕರನ್ನು ಕೀಳಬಾರದು ಎಂಬ ಒಂದು ಆದೇಶ ಹೊರಟರೂ ಎಷ್ಟೋ ಶಾಲೆ ಚೇತರಿಸಿಕೊಳ್ಳುತ್ತವೆ.

ಓದುಗರಲ್ಲಿ ಒಂದು ಮನವಿ. ನಿಮ್ಮ ಊರಿನ ಹೈಸ್ಕೂಲಿನಲ್ಲಿ ನಿಮ್ಮ ಮಕ್ಕಳು ಓದುತ್ತಿರಲಿ ಬಿಡಲಿ, ಬರುವ ಜೂನಿಗೆ ಮುಂಚೆ ಒಂದು ಸಲ ಅಲ್ಲಿಗೆ ಹೋಗಿ. ಎಂಟನೇ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೆ, ಯಾವ ವಿಷಯಕ್ಕೆ ಮೇಷ್ಟ್ರಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಆ ಚೀಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ಮಧುಗಿರಿಯ ಉಪನಿರ್ದೇಶಕರ ಕಚೇರಿಗೆ ಕಳಿಸಿ.